ಅದಲುಬದಲಾದ ಎರಡು ತಂತಿ

"ಮುಟ್ಟಬ್ಯಾಡ್ರಿ!"

ಸಿಂಧನೂರಿನ ಆ ರಿಪೇರಿ ಅಂಗಡಿಗೆ ಕಾಲಿಟ್ಟು ನಿಮಿಷ ಆಗಿರಲಿಲ್ಲ, ವಸೀಮಾ ಕೂಗಿಯೇಬಿಟ್ಟಳು.

ಕೌಂಟರಿನ ಆಚೆ ನಿಂತಿದ್ದವನ ಬೆರಳು ಅವಳ ಬೋರ್ಡಿನಿಂದ ಒಂದು ಅಂಗುಲ ದೂರದಲ್ಲಿ ಹಾಗೇ ನಿಂತಿತು. ಬಾಯಲ್ಲೊಂದು ಸ್ಕ್ರೂ ಕಚ್ಚಿಕೊಂಡಿದ್ದ. ಅದನ್ನು ನಿಧಾನಕ್ಕೆ ತೆಗೆದು ಪಕ್ಕಕ್ಕಿಟ್ಟ.

"ರಿಪೇರಿಗಂತ ತಂದೀರಿ ಮೇಡಂ. ಮುಟ್ಟದ ಹೆಂಗ ಮಾಡಲಿ? ದುವಾ ಓದಿ ಊದಲೇನು?"

"ಮುಟ್ರಿ. ಆದ್ರ ಕೇಳಿ ಮುಟ್ರಿ."

ಇನ್ನು ನಗುತ್ತಾನೆ ಎಂದುಕೊಂಡಳು. ಗಂಡಸರು ಇಂಥಲ್ಲಿ ನಗುತ್ತಾರೆ. ಪಕ್ಕದಲ್ಲಿದ್ದವರನ್ನೂ ನಗಲು ಕರೆಯುತ್ತಾರೆ.

ಅವನು ನಗಲಿಲ್ಲ. ಅಂಗಿಯ ತುದಿಗೆ ಕೈ ಒರೆಸಿಕೊಂಡ.

"ಹಂಗಾದ್ರ ಕೇಳತೀನಿ. ಮುಟ್ಟಲೇನ್ರಿ?"

ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅಲ್ಲಿಂದಲೇ ವಸೀಮಾಳ ತೊಂದರೆ ಶುರುವಾಯಿತು.

ವಸೀಮಾ ಮಸ್ಕಿಯ ಟೇಲರ್ ಮೌಲಾಹುಸೇನರ ಮಗಳು. ದಿನಾ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಅಲ್ಲಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. ಮನೆಯಲ್ಲಿ ಯಾರೂ ಅವಳನ್ನು ಓದಬೇಡ ಅಂದವರಲ್ಲ, ಬೈದವರೂ ಅಲ್ಲ. ಆದರೆ ಅವಳು ಸ್ಕ್ರೂಡ್ರೈವರ್ ಹಿಡಿದ ಕೂಡಲೇ ಅಣ್ಣ ನಾಸೀರ್ ಎಲ್ಲಿದ್ದರೂ ಓಡಿ ಬರುತ್ತಿದ್ದ.

"ಬಿಡು, ನಿಂಗಾಗಂಗಿಲ್ಲ. ಇಲ್ಲಿ ಕೊಡು, ನಾ ಮಾಡತೀನಿ."

ಪ್ರೀತಿಯಿಂದಲೇ ಅನ್ನುತ್ತಿದ್ದ. ಸಿಟ್ಟಿನಿಂದ ಕಸಿದುಕೊಂಡದ್ದನ್ನು ಜಗಳಾಡಿ ವಾಪಸ್ ತರಬಹುದು. ಪ್ರೀತಿಯಿಂದ ಕಸಿದದ್ದನ್ನು ಏನೆಂದು ಕೇಳುವುದು? ಹೀಗೆ ಅವಳು ಶುರು ಮಾಡಿದ ರೇಡಿಯೋ, ಫ್ಯಾನು, ಸೈಕಲ್ಲಿನ ಲೈಟು ಎಲ್ಲವನ್ನೂ ಬೇರೆಯವರೇ ಮುಗಿಸಿದ್ದರು.

ಈ ಬೋರ್ಡೊಂದೇ ಪೂರ್ತಿ ಅವಳದು. ಹಾಳಾದರೂ ಅವಳದೇ!

"ಏನ್ರಿ ಇದು?" ಅಮ್ಜದ್ ಕೇಳಿದ. ಅಂಗಡಿಯವನ ಹೆಸರು ಅದು. ಡಿಪ್ಲೊಮಾ ಮುಗಿಸಿ, ಊರಿನ ಅರ್ಧ ಮಿಕ್ಸಿಗಳ ಜೀವ ಕೈಯಲ್ಲಿಟ್ಟುಕೊಂಡು ಕೂತವನು.

"ಅಕ್ಕಿ ಮೂಟಿ ಒಳಗ ನುಸಿ ತಿನ್ನೋ ಸದ್ದು ಕೇಳಿಸೋ ಯಂತ್ರ."

"ನುಸಿ... ಸದ್ದು ಮಾಡತಾವೇನ್ರಿ?"

"ಕಾಳಿನ ಒಳಗ ಕುಂತು ಕರಕರ ಕಡೀತಾವ. ಕಣ್ಣಿಗೆ ಹುಳ ಕಾಣೋ ಹೊತ್ತಿಗೆ ಮೂಟಿ ಅರ್ಧ ಹಿಟ್ಟಾಗಿರತೈತಿ. ಮೊದಲs ಕೇಳಿಸಿಕೊಂಡ್ರ ಆ ಮೂಟಿ ಬ್ಯಾರೆ ಇಡಬಹುದು. ರೈಸ್‌ಮಿಲ್ ಪಕೀರಪ್ಪಾರು ಒಪ್ಪ್ಯಾರ. ಯಂತ್ರ ಕೆಲಸ ಮಾಡಿದ್ರ ಅವರ ಗೋದಾಮಿನಾಗ ಇಡತಾರಂತ."

ಒಂದು ಕಬ್ಬಿಣದ ಸರಳು, ಅದರ ತುದಿಗೆ ಬಜರ್ ಬಿಚ್ಚಿ ತೆಗೆದ, ಸದ್ದು ಹಿಡಿಯುವ ಬಿಲ್ಲೆ. ಬಿಲ್ಲೆಗೆ ತಾಗಿದ ಸದ್ದು ಬೋರ್ಡಿಗೆ ಬಂದು ಅಂಕಿಯಾಗಬೇಕು. ಅಂಕಿ ಮಾಡುವ ಆ ಜಾಗದಲ್ಲೇ ಅವಳ ಸಂಶೋಧನೆ ಕೂತಿತ್ತು.

"ತಕ್ಕಡಿ ನೋಡೀರಲ್ಲ?" ಅವಳು ಕ್ಲಾಸಿನಲ್ಲಿ ನಿಂತಂತೆ ಶುರು ಮಾಡಿದಳು. "ಮೊದಲು ದೊಡ್ಡ ಕಲ್ಲು ಇಡೋದು. ಹೆಚ್ಚಾತು ಅಂದ್ರ ತೆಗಿಯೋದು, ಕಡಿಮಿ ಆತು ಅಂದ್ರ ಅಲ್ಲೇ ಬಿಡೋದು. ಆಮ್ಯಾಲೆ ಅದರ ಅರ್ಧದ ಕಲ್ಲು. ಆಮ್ಯಾಲೆ ಅದರ ಅರ್ಧ. ಈ ಬೋರ್ಡು ಸದ್ದನ್ನ ಹಿಂಗ ತೂಗತೈತಿ."

"ಎಲ್ಲಾ ಕಲ್ಲು ಮುಗಿದ ಮ್ಯಾಲೂ ಒಂದು ಚೂರು ಉಳೀತು ಅಂದ್ರ?"

ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಅವರೆಲ್ಲ ಕೇಳುತ್ತಿದ್ದದ್ದು, ಇದು ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು.

"ಆ ಚೂರೇ ನನ್ನ ಕೆಲಸ! ಎಲ್ಲಾರೂ ಅದನ್ನ ಒಗದುಬಿಡತಾರ. ನಾ ಒಗಿಯಂಗಿಲ್ಲ. ಹಿಡಿದಿಟ್ಟು ಮುಂದಿನ ತೂಕಕ್ಕ ಕೂಡಸ್ತೀನಿ."

"ಕೂಡಿಸಿದ್ರ ತಪ್ಪು ಹೋಗತೈತೇನ್ರಿ?"

"ಹೋಗಂಗಿಲ್ಲ. ಜಾಗಾ ಬದಲಸ್ತೈತಿ. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಸದ್ದಿನ ಕಡೆ ಏರಿ ಕುಂದರತೈತಿ. ಹುಳದ ಸದ್ದು ಇರೋ ಕಡೆ ಗಲಾಟಿ ಇಲ್ಲ. ನಾಯ್ಸ್ ಶೇಪಿಂಗ್ ಅಂತಾರ ಇದಕ್ಕ."

ಅಮ್ಜದ್ ತಲೆದೂಗಿದ.

"ನಮ್ಮ ಮನ್ಯಾಗೂ ಹಂಗs ಮಾಡತಾರ್ರಿ. ಯಾರಾದ್ರೂ ಬಂದ್ರಂದ್ರ ಜಗಳ ನಿಲ್ಲಂಗಿಲ್ಲ. ಮಾಳಿಗಿ ಮ್ಯಾಲೆ ಹೋಗತೈತಿ."

ವಸೀಮಾ ನಕ್ಕುಬಿಟ್ಟಳು. ಅಂಗಡಿಗೆ ಬರುವಾಗ ನಗುವ ಉದ್ದೇಶವೇನೂ ಅವಳಿಗಿರಲಿಲ್ಲ.

ಹಳೇ ಬೋರ್ಡು ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಹೊಸದು ಮಾಡೋಣ, ಒಂದಲ್ಲ, ಎರಡು, ಅಂದ ಅಮ್ಜದ್.

"ಒಂದs ಮಾಡಿ ದಿನಾ ಬಸ್ಸಿನಾಗ ಓಡಾಡಿಸಿದ್ರ ಅದರ ಸೊಂಟ ಮುರೀತೈತಿ. ಅವಳಿ ಮಾಡೋಣ್ರಿ. ಒಂದು ಲಿಂಗಸುಗೂರಾಗ ನಿಮ್ಮ ಹತ್ರ, ಒಂದು ಇಲ್ಲೆ ನನ್ನ ಹತ್ರ. ನಕ್ಷೆ, ಪ್ರೋಗ್ರಾಮ್ ನಿಮ್ದು. ತಂತಿ, ಬೆಸುಗಿ ನಂದು."

ಹಾಗೆ ಅವರಿಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡತೊಡಗಿತು. ಸಿಂಧನೂರು ಬಿಟ್ಟು ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಅದನ್ನು ತನ್ನ ಸೀಟಿನ ಕೆಳಗಿಟ್ಟುಕೊಂಡು ಒಯ್ಯುತ್ತಿದ್ದ. ಡಬ್ಬಿಯಲ್ಲಿ ಕೆಪಾಸಿಟರ್, ಅದರ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಮಿರ್ಚಿ ಭಜಿ.

"ಕೆಪಾಸಿಟರಿಗೆ ಎಣ್ಣಿ ಹತ್ತೈತಿ ಅಮ್ಜದ್ ಭಾಯ್!" ಎಂದು ಅವಳು ಮೆಸೇಜು ಹಾಕಿದಳು.

"ಮಿರ್ಚಿ ಹೆಂಗಿತ್ತು ಹೇಳ್ರಿ ಮೇಡಂ," ಎಂದು ಉತ್ತರ ಬಂತು.

ಭಾನುವಾರ ಅವನು ಮಸ್ಕಿಗೆ ಬರುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ, ಊರಿಗೆ ಊರೇ ನೋಡುವಂತೆ ಕೂತು, ಇಬ್ಬರೂ ನುಸಿಯ ವಿಷಯ ಮಾತಾಡುತ್ತಿದ್ದರು. ನುಸಿಯ ವಿಷಯ ಅಷ್ಟು ಹೊತ್ತು ಮಾತಾಡಲು ಸಾಧ್ಯ ಎಂದು ಮಸ್ಕಿಯ ಜನ ಆವರೆಗೆ ತಿಳಿದಿರಲಿಲ್ಲ.

ಯಾವುದೋ ಒಂದು ಭಾನುವಾರ 'ಅಮ್ಜದ್ ಭಾಯ್' ಹೋಗಿ ಬರೀ 'ಅಮ್ಜದ್' ಆಯಿತು. ಚಹಾದಂಗಡಿಯವನು ಗಮನಿಸಿದ. ಕಂಡಕ್ಟರ್ ಗಮನಿಸಿದ. ಅಮ್ಜದ್ ಮಾತ್ರ ಏನೂ ಕೇಳಿಸದವನಂತೆ ಚಹಾ ಊದುತ್ತಾ ಕೂತಿದ್ದ... ಆರಿಹೋದ ಚಹಾ!

ಬೋರ್ಡುಗಳೆರಡೂ ತಯಾರಾದವು. ಗೋದಾಮಿನ ಪರೀಕ್ಷೆ ಬುಧವಾರ ಎಂದು ಪಕೀರಪ್ಪ ಹೇಳಿ ಕಳಿಸಿದರು.

ಅದಕ್ಕೆ ವಾರವಿರುವಾಗ ವಸೀಮಾ ಕಾಲೇಜಿನ ಲ್ಯಾಬಿನಲ್ಲಿ ತನ್ನ ಬೋರ್ಡಿಗೆ ಹೆಡ್‌ಫೋನ್ ಹಚ್ಚಿದಳು. ಕಿವಿ ತುಂಬ ಬರೀ ಸುಂಯ್... ಬಿಸಿ ಎಣ್ಣೆಗೆ ಯಾರೋ ನಿಲ್ಲದೆ ಸಾಸಿವೆ ಸುರಿಯುತ್ತಿದ್ದಂತೆ.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಉಳಿದ ಚೂರನ್ನು ಮುಂದಿನ ತೂಕಕ್ಕೆ ಒಯ್ಯುವ ತಂತಿಗಳು ಎರಡು. ಅವು ಅದಲುಬದಲಾಗಿದ್ದವು. ಕೂಡಬೇಕಾದ ಚೂರು ಕಳೆಯುತ್ತಿತ್ತು. ಮೇಲೆ ಹೋಗಬೇಕಾದ ಗಲಾಟೆಯೆಲ್ಲ ಕೆಳಗೆ ಇಳಿದು ನೆಟ್ಟಗೆ ಕಿವಿಗೇ ಬಂದು ಕೂತಿತ್ತು.

'ಅಮ್ಜದ್ ಬೆಸುಗೆ ಹಾಕುವಾಗ ತಪ್ಪಿದ್ದಾನೆ... ಪಾಪ! ಹೇಳಲಾ?'

ಫೋನ್ ಕೈಗೆತ್ತಿಕೊಂಡಳು. ಕೆಳಗಿಟ್ಟಳು.

'ಬೇಡ. ಮೇಡಂ ತಪ್ಪು ಹಿಡಿದಳು ಅಂತ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ. ನಾನೇ ಸರಿ ಮಾಡಿದರಾಯಿತು.'

ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬದಲಿಸಿದಳು. ಯಾವ ತುದಿ ಯಾವ ಕಡೆ ಕೂಡಬೇಕು ಎಂಬುದನ್ನು ತಿರುಗಿಸಿದಳು. ಸುಂಯ್ ಸದ್ದು ನಿಂತಿತು. ಒಬ್ಬಳೇ ಮುಗುಳ್ನಕ್ಕಳು. ತನ್ನ ಒಳ್ಳೆಯತನ ತನಗೇ ಸ್ವಲ್ಪ ಇಷ್ಟವಾಯಿತು.

ಪರೀಕ್ಷೆಗೆ ಎರಡು ದಿನವಿರುವಾಗ, ಸೋಮವಾರ, ಮಸ್ಕಿಯ ಮನೆಗೆ ಅಮ್ಜದನ ತಾಯಿ ಲಾಲ್‌ಬೀ ಬಂದರು. ಕೂತವರೇ ಸೆರಗು ಸರಿ ಮಾಡಿಕೊಂಡು ನೇರ ವಿಷಯಕ್ಕೆ ಬಂದರು.

"ನಮ್ಮ ಹುಡುಗ ಊರಿನ ಟೀವಿ ಎಲ್ಲಾ ಬಿಚ್ಚತಾನ, ಬಾಯಿ ಒಂದು ಬಿಚ್ಚಂಗಿಲ್ಲ. ಅದಕ್ಕ ನಾನs ಬಂದೀನಿ. ನಿಮ್ಮ ಬೇಟೀನ ನಮ್ಮ ಮನೀಗೆ ಕೊಡ್ರಿ ಮೌಲಾಹುಸೇನ್ ಭಾಯ್."

ಒಳಗೆ ನಿಂತಿದ್ದ ವಸೀಮಾ ಬಾಗಿಲಿಗೆ ಕಿವಿ ಹಚ್ಚಿದಳು.

ಲಾಲ್‌ಬೀ ಹೋದ ಮೇಲೆ ಅಬ್ಬಾ ಕತ್ತರಿ ಕೆಳಗಿಟ್ಟು ಹೇಳಿದರು. "ಮಾತು ನಿಂದು ಬೇಟಾ. ಶುಕ್ರವಾರದೊಳಗ ಹೇಳು. ಅವರಿಗೂ ಹಂಗs ಹೇಳೀನಿ."

"ಬುಧವಾರ ಪರೀಕ್ಷಾ ಮುಗೀಲಿ ಅಬ್ಬಾ," ಎಂದಳು. ಉತ್ತರ ಆಗಲೇ ನಾಲಿಗೆಯ ತುದಿಯಲ್ಲಿತ್ತು. ಎರಡು ದಿನ ಅದನ್ನು ಹಾಗೇ ಚಪ್ಪರಿಸುವ ಆಸೆ, ಅಷ್ಟೇ.

ಬುಧವಾರ ಪಕೀರಪ್ಪನವರ ಗೋದಾಮಿನಲ್ಲಿ ಮಿಲ್ಲಿನವರು, ಹಮಾಲರು, ಬಳಗಾನೂರಿನಿಂದ ಭತ್ತ ತಂದ ರೈತರು, ಎಲ್ಲರೂ ಸುತ್ತ ನಿಂತಿದ್ದರು. ಅಮ್ಜದ್ ತನ್ನ ಬೋರ್ಡನ್ನು ಚಂದದ ಪೆಟ್ಟಿಗೆಯಲ್ಲಿ ಕೂರಿಸಿ ತಂದಿದ್ದ. ವಸೀಮಾ ಲ್ಯಾಪ್‌ಟಾಪ್ ತೆರೆದು ತನ್ನ ಹೊಸ ಪ್ರೋಗ್ರಾಮನ್ನು ಅದಕ್ಕೆ ಹಾಕಿದಳು.

ಸರಳನ್ನು ಮೂಟೆಗೆ ಚುಚ್ಚಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚಿದ್ದರು.

ಸುಂಯ್ಯ್ಯ್...

ಪಕೀರಪ್ಪ ಕಿವಿ ಮುಂದೆ ಮಾಡಿ ಕೇಳಿದರು. "ಏನವಾ ವಸೀಮಾ, ಒಳಗ ನುಸಿ ಅದಾವೋ, ಒಗ್ಗರಣಿ ಹಾಕಾಕತ್ತಾರೋ?"

"ನುಸಿ ಮಿರ್ಚಿ ಕರೀತಿರಬೇಕು ಸಾಹುಕಾರ," ಎಂದ ಒಬ್ಬ ಹಮಾಲ. ಗೋದಾಮು ನಕ್ಕಿತು.

ವಸೀಮಾ ಸ್ಪೀಕರ್ ಆರಿಸಿದಳು. ಪೆಟ್ಟಿಗೆ ಬಿಚ್ಚಿದಳು. ಕಣ್ಣು ನೆಟ್ಟಗೆ ಆ ಎರಡು ತಂತಿಗಳ ಮೇಲೆ ಹೋಯಿತು. ತನ್ನ ಬೋರ್ಡಿನಲ್ಲಿ ಕೆಂಪು ಇದ್ದ ಕಡೆ ಇಲ್ಲಿ ಕರಿ. ಕರಿ ಇದ್ದ ಕಡೆ ಕೆಂಪು. ಬೆಸುಗೆ ಹೊಸದಾಗಿ ಫಳಫಳ ಹೊಳೆಯುತ್ತಿತ್ತು.

"ಇವು ನೀವು ಬದಲಿ ಮಾಡೀರೇನು?"

ಅಮ್ಜದ್ ಸುತ್ತ ನಿಂತವರನ್ನು ನೋಡಿದ. ಅವಳನ್ನು ನೋಡಿದ.

"ಹೂಂ."

"ನನ್ನ ಕೇಳದ?"

"...ಹೂಂ."

"ಯಾಕ?"

ಅವನು ತಲೆ ಕೆಳಗೆ ಹಾಕಿ ಸರಳಿನ ತುದಿ ಒರೆಸತೊಡಗಿದ.

ಆ ಕೆಲಸ ಅವಳಿಗೆ ಗುರುತಿನದು. 'ಬಿಡು, ನಿಂಗಾಗಂಗಿಲ್ಲ'... ನಾಸೀರ್ ಬಾಯಿಬಿಟ್ಟು ಹೇಳುತ್ತಿದ್ದ, ಇವನು ಹೇಳದೆ ಮಾಡಿದ್ದಾನೆ. ಅಷ್ಟೇ ವ್ಯತ್ಯಾಸ!

ಹೊರಗೆ ಲಾರಿಯ ಹಿಂದೆ ಅವನನ್ನು ನಿಲ್ಲಿಸಿಕೊಂಡಳು. ಕಣ್ಣಲ್ಲಿ ನೀರು ಬರಬಾರದು ಎಂದು ಸಿಟ್ಟನ್ನೆಲ್ಲ ಮುಂದಕ್ಕೆ ತಳ್ಳಿದಳು.

"ನಿಮ್ಮ ಅಮ್ಮೀಗೆ ಹೇಳ್ರಿ. ನನ್ನ ಉತ್ತರ 'ಬ್ಯಾಡ' ಅಂತ."

"ಮೇಡಂ, ಒಂದು ಮಾತು..."

"ನನ್ನ ಕೈಯಾಗಿಂದು ಕಸಗೊಳ್ಳೋರು ಮನ್ಯಾಗs ಅದಾರ. ಇನ್ನೊಬ್ಬರು ಬೇಕಾಗಿಲ್ಲ ನನಗ!"

ಬಸ್ಸು ಬಂತು. ಹತ್ತಿದಳು. ಕಿಟಕಿಯ ಪಕ್ಕ ಕೂತು, ತಿರುಗಿ ನೋಡಬಾರದು ಎಂದು ಗಟ್ಟಿಯಾಗಿ ನಿರ್ಧರಿಸಿ, ತಿರುಗಿ ನೋಡಿದಳು. ಅವನು ಪೆಟ್ಟಿಗೆ ಎದೆಗವಚಿಕೊಂಡು ಅಲ್ಲೇ ನಿಂತಿದ್ದ.

ಮರುದಿನ ಲಿಂಗಸುಗೂರಿನ ಲ್ಯಾಬಿನಲ್ಲಿ ತನ್ನ ಬೋರ್ಡನ್ನು ಹಚ್ಚಿದಳು. ಒಂದಿಷ್ಟೂ ಸುಂಯ್ ಇಲ್ಲ. ಡಬ್ಬಿಯಲ್ಲಿ ತುಂಬಿಟ್ಟ ಹಳೇ ಅಕ್ಕಿಯಲ್ಲಿ ನುಸಿಗಳು ಕರ್... ಕರ್... ಎಂದು ನಿಶ್ಚಿಂತೆಯಿಂದ ಉಣ್ಣುತ್ತಿದ್ದವು.

"ನೋಡು ಅನುಪಮಾ! ನಂದು ಸರಿ ಐತಿ. ಅಂವನs ಕೆಡಿಸ್ಯಾನ."

ಅನುಪಮಾ ಅದೇ ಕಾಲೇಜಿನಲ್ಲಿ ಗಣಿತ ಹೇಳುವವಳು, ವಸೀಮಾಳ ಗೆಳತಿ. ಎದುರಿನ ಸ್ಟೂಲಿನಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದಳು.

"ಹೋದ ವಾರ ನಿಂದೂ ಸುಂಯ್ ಅಂತಿತ್ತಲ್ಲ, ಹೆಂಗ ಸರಿ ಆತು?"

"ಅಂವ ತಂತಿ ತಿರುಗಾಮುರುಗಾ ಹಾಕಿದ್ದ. ನಾ ಪ್ರೋಗ್ರಾಮಿನಾಗ ತಿರುಗಿಸಿದೆ."

"ಅಂವಗ ಹೇಳಿದ್ಯಾ?"

"ಇಲ್ಲ. ಬೇಜಾರು ಮಾಡಿಕೊಂತಾನ ಅಂತ..."

"ಮತ್ತ ಅಂವ ಏನು ತಿರುಗಿಸಿದ?"

"ತಂತಿ..."

ಅನುಪಮಾ ರೊಟ್ಟಿ ಮುರಿಯುತ್ತಾ ಅವಳನ್ನೇ ನೋಡುತ್ತಿದ್ದಳು.

"ಅಂದ್ರ ಅಂವನ ಬೋರ್ಡೂ ಸುಂಯ್ ಅಂದಿರತೈತಿ," ಎಂದಳು ಅನುಪಮಾ. "ಅಂವ ಅಲ್ಲಿ ಒಂದು ಸಲ ತಿರುಗಿಸಿದ, ನೀ ಇಲ್ಲಿ ಒಂದು ಸಲ. ಎರಡು ಸಲ ತಿರುಗಿದ್ರ ಎಲ್ಲಿಗೆ ಬರತೈತಿ? ಶುರು ಆದಲ್ಲಿಗೆ. ಇದಕ್ಕ ಗಣಿತ ಓದಬೇಕಾಗಿಲ್ಲವಾ."

ವಸೀಮಾ ಎದ್ದು ತನ್ನ ನಕ್ಷೆ ತೆಗೆದಳು. ಕೂಡಿಸುವ ತುದಿಗೆ ಕರಿ ತಂತಿ ಎಂದು ಬರೆಯಬೇಕಾದ ಕಡೆ ಕೆಂಪು ಎಂದಿತ್ತು. ಅವಳದೇ ಕೈಬರಹ. ಅಮ್ಜದನ ಬೆಸುಗೆ ನಕ್ಷೆಯಲ್ಲಿದ್ದಂತೆಯೇ ಇತ್ತು.

ತಪ್ಪು ಅವಳದು!

ಅಷ್ಟು ಜನರ ಮುಂದೆ 'ಯಾಕ' ಎಂದು ಕೇಳಿದಾಗ ಅವನು ಹೇಳಬಹುದಿತ್ತು. ಒಂದೇ ಮಾತು. ಹೇಳಿದ್ದರೆ ಅವನು ಗೆಲ್ಲುತ್ತಿದ್ದ, ಗೋದಾಮು ಅವಳನ್ನು ನೋಡಿ ನಗುತ್ತಿತ್ತು. ಅವನು ಸರಳು ಒರೆಸಿದ...

'ನಾಸೀರ್ ನನಗೆ ಮಾಡಿದ್ದನ್ನು ನಾನು ಅವನಿಗೆ ಮಾಡಿದೆನಲ್ಲ! ಪಾಪ ಅಂದೆ. ಕೈಯಿಂದ ಕಸಿದುಕೊಂಡೆ. ಅದೂ ಪ್ರೀತಿಯಿಂದಲೇ...'

"ಅನುಪಮಾ, ನನ್ನ 'ಬ್ಯಾಡ' ಈಗಾಗಲೇ ಅವರ ಮನಿ ಮುಟ್ಟಿರತೈತೇನು?"

"ನನ್ನ ಕೇಳಿದ್ರ? ಬಸ್ಸು ಸಿಂಧನೂರಿಗೆ ಹೋಗತೈತಿ, ಅದನ್ನ ಕೇಳು."

ಶುಕ್ರವಾರ, ನಮಾಜು ಮುಗಿದು ಅಂಗಡಿಗಳು ಮತ್ತೆ ತೆರೆಯುವ ಹೊತ್ತಿಗೆ ವಸೀಮಾ ಅಮ್ಜದನ ಕೌಂಟರಿನ ಮುಂದಿದ್ದಳು. ದಾರಿಯುದ್ದಕ್ಕೂ ಮಾತು ಕೂಡಿಸಿಟ್ಟುಕೊಂಡಿದ್ದಳು. ಅವನ ಮುಖ ನೋಡಿದ ಕೂಡಲೇ ಒಂದೂ ಉಳಿಯಲಿಲ್ಲ. ಅವನ ಕಣ್ಣು ಕೆಂಪಗಿತ್ತು. ಬೆಸುಗೆಯ ಹೊಗೆ ಎಂದು ಹೇಳುವವನ ಹಾಗೆ ಕಣ್ಣುಜ್ಜಿಕೊಂಡ.

"ಬೋರ್ಡು ಹಚ್ಚ್ರಿ," ಎಂದಳು.

"ಹಚ್ಚಬೇಕಂತs ಇದ್ದೆ. ಸರಿ ಮಾಡೀನಿ."

"ನಾನೂ ಸರಿ ಮಾಡೀನಿ."

ಪ್ರೋಗ್ರಾಮ್ ಹಾಕಿದಳು. ಅವನು ಸರಳನ್ನು ಅಕ್ಕಿಯ ಡಬ್ಬಿಗೆ ಚುಚ್ಚಿದ. ಸ್ವಿಚ್ಚು ಒತ್ತಿದರು.

ಸುಂಯ್ಯ್ಯ್...

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀವು ಏನು ಮಾಡಿದ್ರಿ?" ವಸೀಮಾ ಕೇಳಿದಳು.

"ನಿಮ್ಮ ಪ್ರೋಗ್ರಾಮ್ ಇದ್ದಂಗ ಇರಲಿ ಅಂತ... ನನ್ನ ತಂತಿ ವಾಪಸ್ ಮೊದಲಿನಂಗ ಹಾಕಿದೆ. ನೀವು?"

"ನಿಮ್ಮ ತಂತಿ ಇದ್ದಂಗ ಇರಲಿ ಅಂತ... ನನ್ನ ಪ್ರೋಗ್ರಾಮ್ ವಾಪಸ್ ಮೊದಲಿನಂಗ ಮಾಡಿದೆ!"

ಅವಳಿಗೆ ನಗು ಬಂತು. ಅವನಿಗೂ. ನಿಲ್ಲಿಸಲಾಗದ ನಗು! ಕೌಂಟರ್ ಹಿಡಿದುಕೊಂಡು ನಗುತ್ತಾ ನಗುತ್ತಾ, ಅವಳ ಕಣ್ಣಲ್ಲಿ ಬುಧವಾರ ತಡೆದಿದ್ದ ನೀರು ಈಗ ಇಳಿಯಿತು.

"ಅಮ್ಜದ್... ತಪ್ಪು ನನ್ನ ನಕ್ಷೆಯೊಳಗಿತ್ತು."

"ಗೊತ್ತಿತ್ರಿ."

"ಮೊದಲs ಯಾಕ ಹೇಳಲಿಲ್ಲ?"

"ನೀವು ನೊಂದುಕೊಂತೀರಿ ಅಂತ."

"ತಪ್ಪು ಹೇಳಿಸಿಕೊಂಡ್ರ ನೋವಿಲ್ಲ ನನಗ. ಹೇಳದ ತಿದ್ದಿದ್ರ ನೋವು. ಸಣ್ಣಾಕಿ ಇದ್ದಾಗಿಂದ ಅದನ್ನs ನೋಡೀನಿ." ಅವಳು ಉಸಿರೆಳೆದುಕೊಂಡಳು. "ಆದ್ರ ನಾನೂ ನಿಮಗ ಅದನ್ನs ಮಾಡೀನಿ. ನೀವು ಬೆಸುಗಿ ತಪ್ಪು ಹಾಕೀರಿ ಅಂತ ತಿಳದು, ಪಾಪ ಅಂದು, ಹೇಳದ ತಿದ್ದಿದೆ. ಮಾಫ್ ಮಾಡ್ರಿ."

"ಪಾಪ ಅಂದ್ರಾ?" ಅವನು ನಿಜಕ್ಕೂ ನೊಂದವನಂತೆ ಕೇಳಿದ. "ನನ್ನ ಬೆಸುಗಿಗೆ?"

"ನೋಡ್ರಿ, ಎಷ್ಟು ಉರೀತೈತಿ!"

"ಉರೀತೈತ್ರಿ..." ಎಂದ ಅಮ್ಜದ್. ನಕ್ಕ. "ಬಾಳ ಉರೀತೈತಿ. ಈಗ ತಿಳೀತು."

ಈ ಸಲ ಮಾತಾಡಿಕೊಂಡು ಮಾಡಿದರು. ತಂತಿ ಇದ್ದಂತೆ ಇರಲಿ, ಪ್ರೋಗ್ರಾಮ್ ಬದಲಾಗಲಿ ಎಂದು ಅವನಂದ. ಬೇಡ, ತಪ್ಪು ನಕ್ಷೆಯದು, ನಕ್ಷೆ ತಿದ್ದಿ ತಂತಿಯೇ ಬದಲಾಗಲಿ ಎಂದು ಅವಳಂದಳು. ಸ್ವಲ್ಪ ಜಗಳವಾಯಿತು. ಅವಳು ಗೆದ್ದಳು. ಕಾದ ಬೆಸುಗೆ ಕಡ್ಡಿಯನ್ನು ಅವಳ ಕೈಗೇ ಕೊಟ್ಟು ಅವನು ದೀಪ ಹಿಡಿದು ನಿಂತ. ಬೆಸುಗೆ ಅಷ್ಟು ಚಂದ ಬರಲಿಲ್ಲ. ಅವನು ಅದನ್ನು ಮುಖದ ಮೇಲೇ ಹೇಳಿದ.

"ಗುಡ್ಡೆ ಆತು ಮೇಡಂ."

"ಇರಲಿ ಬಿಡ್ರಿ!"

ಹೆಡ್‌ಫೋನ್ ಒಂದೇ ಇತ್ತು. ಒಂದು ಬಟ್ಟಲು ಅವಳ ಕಿವಿಗೆ, ಇನ್ನೊಂದು ಅವನ ಕಿವಿಗೆ. ಹಾಗೆ ಕೇಳಬೇಕೆಂದರೆ ತಲೆಗೆ ತಲೆ ತಾಗುವಷ್ಟು ಬಾಗಬೇಕು. ಬಾಗಿದರು.

ಸದ್ದಿಲ್ಲ. ಏನೂ ಇಲ್ಲ. ಆಮೇಲೆ, ಬಹಳ ದೂರದಿಂದ ಬಂದಂತೆ...

ಕರ್... ಕರ್... ಕರ್...

"ಉಣ್ಣಾಕತ್ತಾವ," ಎಂದು ಪಿಸುಗುಟ್ಟಿದಳು. ಇದು ಅವಳು ಶುರು ಮಾಡಿದ್ದು. ಅವಳ ಕೈಯಲ್ಲೇ ಮುಗಿದದ್ದು.

"ಪಕೀರಪ್ಪಾರಿಗೆ ಫೋನ್ ಮಾಡ್ರಿ," ಎಂದ ಅವನು ಅಲುಗದೆ.

"ಆಮ್ಯಾಲೆ ಮಾಡತೀನಿ. ಮೊದಲು ಇದನ್ನ ಹೇಳ್ರಿ. ಅಮ್ಮೀ ಏನಂದ್ರು? ನನ್ನ... ಆ ಮಾತಿಗೆ?"

ಅಮ್ಜದ್ ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿದ.

"ಹೇಳಿಲ್ಲ."

"ಹೇಳೇ ಇಲ್ಲಾ?" ಅವಳ ಹುಬ್ಬು ಮೇಲೇರಿತು. "ನನ್ನ ಉತ್ತರ ನೀವು ಹಿಡಿದಿಟ್ಟುಕೊಂಡ್ರೇನು?"

"ಎರಡು ಸಲ ಅಮ್ಮೀ ಮುಂದ ಹೋಗಿ ನಿಂತೆ. ಬಾಯಿ ಬರಲಿಲ್ಲ ವಸೀಮಾ. ನನಗ... ನೀ ಬೇಕು. ಅದನ್ನ ಹೇಳಾಕs ಬಾಯಿ ಬರದಾಂವ, ಇದನ್ನ ಹೆಂಗ ಹೇಳಲಿ?"

ಮೊದಲ ಸಲ ಅವಳ ಹೆಸರು. ಮೊದಲ ಸಲ 'ನೀ'. ಕಿವಿಯಲ್ಲಿ ನುಸಿಗಳು ಯಾರ ಹಂಗೂ ಇಲ್ಲದೆ ಉಣ್ಣುತ್ತಲೇ ಇದ್ದವು.

"ಫೋನ್ ಕೊಡ್ರಿ."

ಲಾಲ್‌ಬೀ ಮೊದಲ ರಿಂಗಿಗೇ ಎತ್ತಿದರು. "ಕ್ಯಾ ರೇ ಅಮ್ಜದ್, ಊಟಕ್ಕ ಬರ್ತೀಯೋ ಇಲ್ಲೋ? ಎರಡು ದಿನ ಆತು ಸರಿಯಾಗಿ ಉಂಡಿಲ್ಲ ನೀ!"

"ಅಮ್ಮೀ... ನಾನು ವಸೀಮಾ. ಇಬ್ಬರೂ ಬರ್ತೀವ್ರಿ."

ಆ ಕಡೆ ಪಾತ್ರೆಯ ಮುಚ್ಚಳ ಬಿದ್ದ ಸದ್ದು. "ಬರ್ರಿ ಬರ್ರಿ ಬೇಟಾ! ಅಕ್ಕಿ ಇನ್ನೊಂದಿಷ್ಟು ಹಾಕತೀನಿ."

"ಆರಿಸಿ ಹಾಕಮ್ಮೀ!" ಎಂದು ಅಮ್ಜದ್ ಕೂಗಿದ.

ಅಂಗಡಿಯ ಶಟರ್ ಅರ್ಧ ಎಳೆದಾಗ ಅವನಿಗೆ ಏನೋ ನೆನಪಾಯಿತು.

"ಮಸ್ಕಿಯೊಳಗ ನಿಮ್ಮ ಅಬ್ಬಾ ಕಾಯತಿರತಾರ. ಇವತ್ತು ಶುಕ್ರವಾರ. ಅವರಿಗೆ ನೀ ಯಾವಾಗ ಹೇಳ್ತಿ?"

ವಸೀಮಾ ದುಪಟ್ಟಾದ ತುದಿ ಹಲ್ಲಲ್ಲಿ ಕಚ್ಚಿ ರಸ್ತೆ ನೋಡಿದಳು.

"ನನಗ ನಾಚಿಕಿ ಆಗತೈತಿ. ನೀ ಹೇಳು."

"ನಾನಾ? ನಿನ್ನ ಮಾತು ನಾ ಹೆಂಗ..."

"ಶುರು ನಾ ಮಾಡೀನಿ ಅಮ್ಜದ್," ಎಂದಳು ಅವಳು, ಫೋನನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾ. "ಇದೊಂದು ನೀ ಮುಗಿಸು."